ಮಾತಿಲ್ಲದ ಆಲ್ಬಂ: ಮನೆಯಲ್ಲೇ ಮಾಡಿ, ನೀವೇ ಬಿಡುಗಡೆ ಮಾಡಿ

ಮನೆಯಲ್ಲಿ ಸಂಗೀತ ಮಾಡುವವರ ಕಂಪ್ಯೂಟರ್ ತೆರೆದು ನೋಡಿದರೆ ಅರ್ಧಕ್ಕೆ ಬಿಟ್ಟ ಟ್ಯೂನ್‌ಗಳೇ ಜಾಸ್ತಿ. 20 ಸೆಕೆಂಡಿನ ಚಂದದ ತುಣುಕು ಇರುತ್ತದೆ, ಅದರ ಮುಂದೆ ಏನೂ ಇಲ್ಲ. ಫೈಲಿನ ಹೆಸರು ‘ಹೊಸದು 3’. ಇಂಥ ತುಣುಕುಗಳನ್ನು ಬೆಳೆಸಿ ಆಲ್ಬಂ ಮಾಡಲು ದೊಡ್ಡ ಸ್ಟುಡಿಯೊ ಬೇಕಿಲ್ಲ, ಆಡಿಯೊ ಕಂಪನಿಯೂ ಬೇಕಿಲ್ಲ. ಒಂದು ವಿಷಯ ಮಾತ್ರ ಮೊದಲೇ ಗಮನದಲ್ಲಿರಲಿ. ವಾದ್ಯ ಸಂಗೀತದಲ್ಲಿ ಸಾಹಿತ್ಯ ಇಲ್ಲ, ಗಾಯಕರ ದನಿ ಇಲ್ಲ. ಕೇಳುವವರನ್ನು ಹಿಡಿದು ಕೂರಿಸುವ ಕೆಲಸವನ್ನು ಯಾವುದಾದರೂ ಒಂದು ವಾದ್ಯವೇ ಮಾಡಬೇಕು. ಅದು ಯಾವುದು ಅಂತ ಶುರುವಿನಲ್ಲೇ ತೀರ್ಮಾನಿಸಿದರೆ ಮುಂದಿನ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ.

ಕೊಳಲೋ, ಗಿಟಾರೋ, ಪಿಯಾನೊವೋ, ಒಂದನ್ನು ಆರಿಸಿ. ಅದರ ಜೊತೆಗೆ ಮೂರ್ನಾಲ್ಕು ವಾದ್ಯ ಸಾಕು. ಸಾಫ್ಟ್‌ವೇರಿನಲ್ಲಿ ಸಾವಿರಾರು ದನಿಗಳು ಸಿಗುತ್ತವೆ. ಒಂದೊಂದನ್ನೇ ಒತ್ತಿ ಕೇಳುತ್ತಾ ಕೂತರೆ ಸಂಜೆ ಕಳೆಯುತ್ತದೆ, ಟ್ಯೂನ್ ಮಾತ್ರ ಇದ್ದಲ್ಲೇ ಇರುತ್ತದೆ. ಉದ್ದದ ವಿಷಯಕ್ಕೆ ಬಂದರೆ 6ರಿಂದ 8 ಟ್ರ್ಯಾಕ್, ಒಟ್ಟು 30ರಿಂದ 40 ನಿಮಿಷ ಹದವಾದ ಲೆಕ್ಕ. ಹಳೇ ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಸುಮಾರು 22 ನಿಮಿಷ ಹಿಡಿಸುತ್ತಿತ್ತು. ಸಿ.ಡಿ. ಬಂದ ಮೇಲೆ ಅದು 74 ನಿಮಿಷಕ್ಕೆ ಹೋಯಿತು. ಆದರೆ ಹಾಡಿಲ್ಲದ ಸಂಗೀತವನ್ನು ಅಷ್ಟು ಹೊತ್ತು ಬೇಸರವಿಲ್ಲದೆ ಕೇಳಿಸುವುದು ಸುಲಭವಲ್ಲ.

ಟ್ಯೂನ್ ಕಟ್ಟುವುದು

ಮೊದಲು ಗುನುಗಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೀಬೋರ್ಡಿನ ಮುಂದೆ ಕೂತರೆ ಬೆರಳುಗಳು ಅಭ್ಯಾಸವಿರುವ ಕಡೆಗೇ ಓಡುತ್ತವೆ. ಬಾಯಲ್ಲಿ ಬಂದ ಟ್ಯೂನ್ ಹಾಗಲ್ಲ. ಅದರಲ್ಲಿ ಉಸಿರು ತೆಗೆದುಕೊಳ್ಳುವ ಜಾಗ ತಾನಾಗೇ ಇರುತ್ತದೆ, ಇನ್ನೊಬ್ಬರ ನೆನಪಿನಲ್ಲೂ ಬೇಗ ಉಳಿಯುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಅದೇ ಟ್ಯೂನ್ ಎರಡನೇ ಸಲ ಬರುವಾಗ. ಹಾಡಿನಲ್ಲಾದರೆ ಚರಣಕ್ಕೆ ಹೊಸ ಮಾತು ಬರುತ್ತದೆ, ಅದೇ ಧಾಟಿಯೂ ಹೊಸದಾಗಿ ಕೇಳುತ್ತದೆ. ನಮಗೆ ಆ ಅನುಕೂಲ ಇಲ್ಲ. ಹಾಗಾಗಿ ಪ್ರತಿ ಸಲ ಏನಾದರೂ ಬದಲಾಗಬೇಕು, ಆದರೆ ಎಲ್ಲವೂ ಬದಲಾಗಬಾರದು. ಮೊದಲ ಸಲ ಕೊಳಲು ಒಂದೇ ಇರಲಿ, ಹಿಂದೆ ಬರೀ ಶ್ರುತಿ. ಎರಡನೇ ಸಲ ಲಯ ಸೇರಲಿ, ಟ್ಯೂನಿನ ದ್ವಿತೀಯಾರ್ಧ ಮೇಲಿನ ಸ್ಥಾಯಿಗೆ ಏರಲಿ. ಮೂರನೇ ಸಲ ಬೇಸ್ ಗಿಟಾರ್ ಆ ಟ್ಯೂನನ್ನು ನುಡಿಸಲಿ, ಕೊಳಲು ನಡುನಡುವೆ ಉತ್ತರ ಕೊಡಲಿ. ವಾದ್ಯಗಳು ಅವೇ, ಸ್ವರಗಳೂ ಅವೇ. ಆದರೂ ಕತೆ ಮುಂದೆ ಹೋಗುತ್ತದೆ.

ವಾದ್ಯ ನುಡಿಸುವವರು ಸಿಗದೆ ಕೀಬೋರ್ಡಿನಲ್ಲೇ ಕೊಳಲಿನ ದನಿ ಹಾಕುವುದಾದರೆ ಇನ್ನಷ್ಟು ಎಚ್ಚರ ಬೇಕು. ಕೀಬೋರ್ಡಿಗೆ ಉಸಿರುಗಟ್ಟುವುದಿಲ್ಲ, ಕೊಳಲಿನವರಿಗೆ ಕಟ್ಟುತ್ತದೆ. ನೀವು ಬರೆದ ಸಾಲನ್ನು ಒಂದೇ ಉಸಿರಿನಲ್ಲಿ ಊದಿದಂತೆ ನಟಿಸಿ ನೋಡಿ. ಎದೆ ಬಿಗಿಯುವ ಕಡೆ ಒಂದು ಸ್ವರ ಗಿಡ್ಡ ಮಾಡಿ, ಬಿಡುವು ಕೊಡಿ. ಆಮೇಲೆ ವೆಲಾಸಿಟಿ, ಅಂದರೆ ಸ್ವರದ ಒತ್ತು ನೋಡಿ. ನುಡಿಸಿದ್ದನ್ನು ಅಂಕಿಗಳಾಗಿ ಕಂಪ್ಯೂಟರಿಗೆ ತಿಳಿಸಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಪ್ರತಿ ಸ್ವರದ ಒತ್ತನ್ನು 127ರವರೆಗಿನ ಅಂಕಿಯಲ್ಲಿ ದಾಖಲಿಸುತ್ತಾರೆ. ಎಲ್ಲ ಸ್ವರವೂ 100 ಅಂತಿದ್ದರೆ ಮೊಬೈಲ್ ರಿಂಗ್‌ಟೋನ್ ಥರ ಕೇಳುತ್ತದೆ. ಸಾಲಿನ ಮೊದಲ ಸ್ವರ 70, ನಡುವಿನ ಎತ್ತರದ್ದು 105, ಕೊನೆಯದು 60 ಅಂತ ಮಾಡಿ ಕೇಳಿ. ಅದೇ ಫೈಲು, ಬೇರೆಯದೇ ಜೀವ. ಎಲ್ಲವನ್ನೂ ತಾಳಕ್ಕೆ ಸರಿಯಾಗಿ ಕೂರಿಸುವ ಕ್ವಾಂಟೈಸ್ ಗುಂಡಿಯನ್ನೂ ಪೂರ್ತಿ ಒತ್ತಬೇಡಿ. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಶೇ 60 ಅಥವಾ 70ರಷ್ಟು ಮಾತ್ರ ಅನ್ವಯಿಸುವ ಆಯ್ಕೆ ಇರುತ್ತದೆ.

ರೆಕಾರ್ಡಿಂಗ್

ಸಾಫ್ಟ್‌ವೇರ್ ಯಾವುದು ಅನ್ನೋ ಚರ್ಚೆಗೆ ಕೊನೆಯೇ ಇಲ್ಲ, ಅದರಲ್ಲಿ ಸುಮ್ನೆ ಸಮಯ ಹಾಳು. ಆಪಲ್ ಕಂಪ್ಯೂಟರ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ. ರೀಪರ್ ಅನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಎಲ್‌ಎಂಎಂಎಸ್ ಕೂಡ ಉಚಿತ, ಆದರೆ ಅದು ಮಿಡಿ ಕೆಲಸಕ್ಕೇ ಹೆಚ್ಚು ಹೊಂದುತ್ತದೆ.

ನಿಜವಾದ ವಾದ್ಯ ಇದ್ದರೆ ಒಂದು ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಒಂದು ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್ ಬೇಕು. ಕಂಡೆನ್ಸರ್ ಮೈಕ್ ಕೊಂಡರೆ ಇಂಟರ್‌ಫೇಸಿನಲ್ಲಿ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿ ಇದೆಯೇ ನೋಡಿಕೊಳ್ಳಿ. ಅದಿಲ್ಲದೆ ಬಹುತೇಕ ಕಂಡೆನ್ಸರ್ ಮೈಕ್‌ಗಳು ಕೆಲಸ ಮಾಡುವುದಿಲ್ಲ. ಸೆಟ್ಟಿಂಗ್ 24 ಬಿಟ್, 48 ಕಿಲೊಹರ್ಟ್ಸ್ ಇರಲಿ. ಅತಿ ಜೋರಾದ ಸ್ವರವೂ ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಲಿ. ದನಿ ಸಣ್ಣದಾಯಿತು ಅಂತ ಹೆದರಬೇಡಿ, 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ಮೀಟರಿನ ಗರಿಷ್ಠ ಮಟ್ಟವಾದ ಶೂನ್ಯ ದಾಟಿ ಒಡೆದ ದನಿಯನ್ನು ಸರಿಮಾಡುವುದು ಬಹಳ ಕಷ್ಟ.

ತಂತಿ ಮೀಟಿದ ಮೇಲೆ ಹೆಡ್‌ಫೋನಿನಲ್ಲಿ ದನಿ ಚೂರು ತಡವಾಗಿ ಬಂದರೆ ಲಯ ತಪ್ಪುತ್ತದೆ. ಸಾಫ್ಟ್‌ವೇರಿನ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕಿನ ಗಾತ್ರವನ್ನು 128ಕ್ಕೆ ಇಳಿಸಿ. ಬಫರಿನಿಂದ ಆಗುವ ತಡ ಸೆಕೆಂಡಿನ ಸಾವಿರ ಪಾಲಿನಲ್ಲಿ 3 ಪಾಲಿಗಿಂತ ಕಡಿಮೆಯಾಗುತ್ತದೆ. ಮಿಕ್ಸ್ ಮಾಡುವಾಗ, ಅಂದರೆ ಎಲ್ಲ ವಾದ್ಯಗಳ ದನಿಯನ್ನು ಹೊಂದಿಸಿ ಸೇರಿಸುವಾಗ, ಅದನ್ನೇ 1024ಕ್ಕೆ ಏರಿಸಿದರೆ ಕಂಪ್ಯೂಟರ್ ಏದುಸಿರು ಬಿಡುವುದಿಲ್ಲ.

ಕೋಣೆಯ ವಿಷಯ. ಚಪ್ಪಾಳೆ ತಟ್ಟಿ ನೋಡಿ. ‘ಟ್ರಿಂಗ್’ ಅಂತ ಬಾಲ ಕೇಳಿದರೆ ಬರಿಗೋಡೆ ಜಾಸ್ತಿ ಅಂತ ಅರ್ಥ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ ನುಡಿಸಿ, ಬೆನ್ನ ಹಿಂದೆ ದಪ್ಪ ಕಂಬಳಿ ನೇತುಹಾಕಿ. ಫ್ಯಾನ್ ನಿಲ್ಲಿಸಿ. ಗಿಟಾರ್ ಆದರೆ ಮೈಕನ್ನು ಮಧ್ಯದ ತೂತಿಗೆ ನೇರ ಹಿಡಿಯಬೇಡಿ, ಅಲ್ಲಿ ಗುಂಯ್‌ಗುಡುವುದು ಜಾಸ್ತಿ. 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಕಡೆ, ಒಂದು ಗೇಣು ದೂರದಲ್ಲಿ ಇಟ್ಟು ಶುರುಮಾಡಿ.

ಮಿಕ್ಸ್, ಮಾಸ್ಟರ್

ಮುಂದಾಳು ವಾದ್ಯವನ್ನು ನಡುವೆ ಕೂರಿಸಿ. ಉಳಿದವನ್ನು ಎಡಕ್ಕೂ ಬಲಕ್ಕೂ ಸರಿಸಿ. ಬೇಸ್ ಮತ್ತು ದೊಡ್ಡ ಡ್ರಮ್ ಬಿಟ್ಟು ಮಿಕ್ಕವಕ್ಕೆ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಅರ್ಧ ಗದ್ದಲ ಇಳಿಯುತ್ತದೆ. ಪ್ರತಿ ವಾದ್ಯಕ್ಕೂ ಬೇರೆ ಬೇರೆ ರಿವರ್ಬ್ (ಕೋಣೆಯ ಅನುರಣನದ ಪರಿಣಾಮ) ಹಾಕುವ ಚಟ ಬೇಡ. ಒಂದೇ ರಿವರ್ಬ್‌ಗೆ ಎಲ್ಲವನ್ನೂ ಬೇಕಾದಷ್ಟು ಕಳಿಸಿದರೆ ವಾದ್ಯಗಳೆಲ್ಲ ಒಂದೇ ಕೋಣೆಯಲ್ಲಿ ಕೂತಂತೆ ಕೇಳುತ್ತವೆ. ಮುಗಿಯಿತು ಅನ್ನಿಸಿದ ಮೇಲೆ ಮೊಬೈಲ್ ಸ್ಪೀಕರಿನಲ್ಲಿ, ಬಹಳ ಸಣ್ಣ ದನಿಯಲ್ಲಿ ಕೇಳಿ. ಟ್ಯೂನ್ ಗೊತ್ತಾಗುತ್ತದಾ? ಇಲ್ಲವಾದರೆ ಹಿಂದಿನ ವಾದ್ಯಗಳ ದನಿಯನ್ನು ಇಳಿಸಿ. ಮುಂದಿನದನ್ನು ಏರಿಸುವುದಕ್ಕೆ ಹೋಗಬೇಡಿ.

ಮಾಸ್ಟರಿಂಗ್‌ನಲ್ಲಿ, ಅಂದರೆ ಮಿಕ್ಸ್ ಆದದ್ದನ್ನು ಬಿಡುಗಡೆಗೆ ಸಜ್ಜುಗೊಳಿಸುವಾಗ, ದನಿಯನ್ನು ಹಿಂಡಿ ಜೋರು ಮಾಡುವುದರಿಂದ ಈಗ ಲಾಭವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ, ಜೋರಾಗಿರುವುದನ್ನು ತಾನೇ ಇಳಿಸುತ್ತದೆ. ಶಿಖರ ಮೈನಸ್ 1 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಟ್ರ್ಯಾಕ್‌ಗಳ ನಡುವಿನ ಹೊಂದಾಣಿಕೆ. ಎಲ್ಲವನ್ನೂ ಆಲ್ಬಂನ ಕ್ರಮದಲ್ಲಿ ಜೋಡಿಸಿ, ಒಂದರ ಕೊನೆ ಮತ್ತು ಇನ್ನೊಂದರ ಶುರು ಮಾತ್ರ ಕೇಳುತ್ತಾ ಹೋಗಿ. ಕೈ ವಾಲ್ಯೂಮಿನ ಕಡೆ ಹೋದರೆ ಅಲ್ಲಿ ಏನೋ ಸರಿಯಿಲ್ಲ.

ಬಿಡುಗಡೆ

ಮನೆ ಸಂಗೀತಗಾರರು ನೇರವಾಗಿ ಸ್ಪಾಟಿಫೈಗೋ ಆಪಲ್ ಮ್ಯೂಸಿಕ್‌ಗೋ ಫೈಲು ಕಳಿಸಲು ಆಗುವುದಿಲ್ಲ. ನಡುವೆ ವಿತರಕರು ಬೇಕು. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಇಂಥವು. ಸೇರುವ ಮೊದಲು ಒಂದು ಪ್ರಶ್ನೆ ಕೇಳಿ: ವಾರ್ಷಿಕ ಶುಲ್ಕ ಕಟ್ಟುವುದು ನಿಲ್ಲಿಸಿದರೆ ಆಲ್ಬಂ ಉಳಿಯುತ್ತದಾ, ಇಳಿಯುತ್ತದಾ? ಬ್ಯಾಂಡ್‌ಕ್ಯಾಂಪ್ ಬೇರೆ ಥರ. ಅಲ್ಲಿ ನೀವೇ ಅಪ್‌ಲೋಡ್ ಮಾಡಿ, ನೀವೇ ಬೆಲೆ ಇಟ್ಟು ಮಾರಬಹುದು. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಸಾಮಾನ್ಯವಾಗಿ ಶೇ 15. ನನ್ನನ್ನು ಕೇಳಿದರೆ ಎರಡೂ ಇರಲಿ. ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ದುಡ್ಡೇ ಬರುವುದಿಲ್ಲ, ಈ ನಿಯಮ 2024ರಿಂದ ಇದೆ. ಆಲ್ಬಂ ಕೊಳ್ಳುವ ಹತ್ತು ಜನ ಸಿಕ್ಕರೂ ಅದು ಹೊಸಬರಿಗೆ ದೊಡ್ಡದು, ಅಲ್ವಾ?

ಅಪ್‌ಲೋಡ್ ಮಾಡುವಾಗ ತುಂಬಬೇಕಾದ ವಿವರಗಳಲ್ಲಿ ಅವಸರ ಬೇಡ. ಪ್ರತಿ ಟ್ರ್ಯಾಕಿಗೂ ಆ ರೆಕಾರ್ಡಿಂಗನ್ನು ಗುರುತಿಸುವ, 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಬೇಕು, ಸಾಮಾನ್ಯವಾಗಿ ವಿತರಕರೇ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ವಿತರಕರನ್ನು ಬದಲಿಸಿದರೂ ಅದೇ ಸಂಕೇತ ಮುಂದುವರಿಸಬೇಕು. ‘ವಾದ್ಯ ಸಂಗೀತ’ ಎಂದು ಗುರುತು ಹಾಕಿ, ಗೀತರಚನೆಯ ಜಾಗ ಖಾಲಿ ಬಿಡಿ. ಸಂಯೋಜಕರ ಜಾಗದಲ್ಲಿ ಅಡ್ಡಹೆಸರು ಬೇಡ, ದಾಖಲೆಯಲ್ಲಿರುವ ಪೂರ್ತಿ ಹೆಸರು ಹಾಕಿ. ಕಲಾವಿದರಾಗಿ ಇಟ್ಟುಕೊಳ್ಳುವ ಹೆಸರಿನಲ್ಲಿ ಬೇರೆ ಯಾರಾದರೂ ಇದ್ದಾರಾ ಹುಡುಕಿ ನೋಡಿ. ಇದ್ದರೆ ನಿಮ್ಮ ಆಲ್ಬಂ ಅವರ ಪುಟದಲ್ಲಿ ಹೋಗಿ ಕೂರಬಹುದು. ಮುಖಪುಟದ ಚಿತ್ರ ಚೌಕವಾಗಿರಲಿ, 3000 × 3000 ಪಿಕ್ಸೆಲ್. ಅದರ ಮೇಲೆ ವೆಬ್ ವಿಳಾಸ, ಸೋಷಿಯಲ್ ಮೀಡಿಯಾ ಗುರುತು ಇದ್ದರೆ ವಾಪಸ್ ಕಳಿಸುತ್ತಾರೆ.

ಟ್ರ್ಯಾಕ್‌ಗಳ ಹೆಸರಿಗೆ ಒಂದು ಸಂಜೆ ಮೀಸಲಿಡಿ. ಇಡೀ ಆಲ್ಬಂನಲ್ಲಿ ನೀವು ಆಡುವ ಮಾತು ಅಷ್ಟೇ. ‘ಶಾಂತಿ’, ‘ಪಯಣ’ ಅಂತ ಇಟ್ಟರೆ ಅದೇ ಹೆಸರಿನ ಬೇಕಾದಷ್ಟು ಟ್ರ್ಯಾಕ್‌ಗಳ ನಡುವೆ ಕಳೆದುಹೋಗುತ್ತದೆ. ‘ಬಾಗಿಲ ಬಳಿ ಬಿಟ್ಟ ಚಪ್ಪಲಿ’ ಅಂತಿದ್ದರೆ ಏನಿದು ಅಂತ ಒತ್ತಿ ಕೇಳುತ್ತಾರೆ.

ದಿನಾಂಕವನ್ನು ನಾಲ್ಕು ವಾರ ಮುಂದೆ ಇಡಿ. ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್ ಮಾಡುವ ಸಂಪಾದಕರಿಗೆ ಒಂದು ಟ್ರ್ಯಾಕ್ ಕೇಳಿ ನೋಡಿ ಅಂತ ಕಳಿಸುವ ವ್ಯವಸ್ಥೆ ಇದೆ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳಿಸಿರಬೇಕು. ಆಯ್ಕೆಯಾಗುತ್ತದೆ ಅಂತ ಭರವಸೆ ಇಲ್ಲ, ಕಳಿಸಲು ಖರ್ಚೂ ಇಲ್ಲ. ದುಡ್ಡು ಕೊಟ್ಟರೆ ಇಷ್ಟು ಸಾವಿರ ಕೇಳುಗರನ್ನು ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಸುಳ್ಳು ಕೇಳುವಿಕೆ ಸಿಕ್ಕಿಬಿದ್ದರೆ ಆಲ್ಬಂ ಕೆಳಗಿಳಿಯುತ್ತದೆ.

ಬೇರೆಯವರ ಲೂಪ್ (ಮತ್ತೆ ಮತ್ತೆ ನುಡಿಸಲು ಸಿದ್ಧವಾಗಿ ಸಿಗುವ ತುಣುಕು) ಬಳಸಿದ್ದರೆ ಅದರ ಪರವಾನಗಿ ಓದಿ. ಮಾರಾಟಕ್ಕೆ ಬಳಸಬಹುದು ಅಂತಿದ್ದರೂ, ವಿಡಿಯೊಗಳಲ್ಲಿರುವ ಸಂಗೀತ ಯಾರದ್ದು ಅಂತ ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಆ ಟ್ರ್ಯಾಕ್ ಸೇರಿಸಬಾರದು. ಅದೇ ಲೂಪ್ ಬಳಸಿದ ಬೇರೆಯವರ ವಿಡಿಯೊ ಮೇಲೆ ನಿಮ್ಮ ಹೆಸರಿನಲ್ಲಿ ಹಕ್ಕಿನ ತಕರಾರು ಬೀಳುತ್ತದೆ.

ಬಿಡುಗಡೆಯಾದ ಮೇಲೆ ಪ್ರಾಜೆಕ್ಟ್ ಫೈಲುಗಳನ್ನು ಅಳಿಸಬೇಡಿ. ಪ್ರತಿ ವಾದ್ಯವನ್ನೂ ಬೇರೆ ಬೇರೆ ವೇವ್ (WAV) ಫೈಲಾಗಿ, ಎಲ್ಲವೂ ಒಂದೇ ಬಿಂದುವಿನಿಂದ ಶುರುವಾಗುವಂತೆ ಉಳಿಸಿ, ಎರಡು ಕಡೆ ಇಡಿ. ಸಾಕ್ಷ್ಯಚಿತ್ರ, ಕಿರುಚಿತ್ರ ಮಾಡುವವರು ಹುಡುಕುವುದೇ ಹಾಡಿಲ್ಲದ ಸಂಗೀತವನ್ನು. ಅವರು ಕೇಳುವುದು ಸಾಮಾನ್ಯವಾಗಿ ಹೀಗೆ: ಇದರ 60 ಸೆಕೆಂಡಿನ ತುಣುಕು ಇದೆಯಾ? ಡ್ರಮ್ ಇಲ್ಲದ ಆವೃತ್ತಿ ಇದೆಯಾ? ಎಲ್ಲ ಹಕ್ಕೂ ನಿಮ್ಮದೇನಾ? ಜೊತೆಗೆ ನುಡಿಸಿದವರಿಂದ ರೆಕಾರ್ಡಿಂಗ್ ದಿನವೇ ಒಂದು ಪುಟದ ಒಪ್ಪಿಗೆ ಬರೆಸಿಕೊಂಡಿದ್ದರೆ ಮೂರನೆಯದಕ್ಕೆ ಆ ಹೊತ್ತೇ ಹೌದು ಅನ್ನಬಹುದು.