ಬೆಂಗಳೂರಿನ ರಸ್ತೇಲಿ ಪ್ರಾಣಿ ಬಿದ್ದಿದ್ರೆ ಯಾರಿಗೆ ಫೋನ್ ಮಾಡೋದು, ಗಾಡಿ ಬರೋವರೆಗೂ ಏನ್ ಮಾಡೋದು

ಮೊದಲು ಜೀವ ಇದ್ಯಾ ಇಲ್ವಾ ನೋಡಿ, ಯಾಕಂದ್ರೆ ಅದರ ಮೇಲೆ ಫೋನ್ ಮಾಡೋ ನಂಬರೇ ಬೇರೆ ಆಗತ್ತೆ. ಗಾಡಿ ಗುದ್ದಿ ಬಿದ್ದಿರೋ ಎಷ್ಟೋ ನಾಯಿಗಳು ದೂರದಿಂದ ಸತ್ತಂಗೇ ಕಾಣತ್ವೆ, ಆದ್ರೆ ಉಸಿರಿರತ್ತೆ. ಸ್ವಲ್ಪ ದೂರದಲ್ಲೇ ನಿಂತು ಪಕ್ಕೆ ಹತ್ರ ಒಂದು ನಿಮಿಷ ಸುಮ್ನೆ ನೋಡಿ, ಮೇಲೆ ಕೆಳಗೆ ಆಗ್ತಿದ್ರೆ ಅದು ಬದುಕಿದೆ.

ಸತ್ತಿದೆ ಅಂತ ಖಾತ್ರಿ ಆದ್ರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ. 2025ರ ಸೆಪ್ಟೆಂಬರಿಂದ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ ಆಗಿದೆ, ನಮ್ಮ ಏರಿಯಾ ಯಾವುದಕ್ಕೆ ಬರತ್ತೆ ಅಂತ ತಲೆ ಕೆಡಿಸ್ಕೋಬೇಡಿ, ನಂಬರ್ ಅದೇ ಇದೆ. ಇಲ್ಲಿ ಎಲ್ಲಾ ಕೆಲಸ ನಿಂತಿರೋದು ನೀವು ಜಾಗ ಹೇಗೆ ಹೇಳ್ತೀರಾ ಅನ್ನೋದ್ರ ಮೇಲೆ. "ಬಸ್ ಸ್ಟಾಪ್ ಹತ್ರ" ಅಂದ್ರೆ ಗಾಡಿಯವ್ರು ಅಲ್ಲೇ ಸುತ್ತಾಡಿ ವಾಪಸ್ ಹೋಗ್ತಾರೆ. ಮೆಟ್ರೋ ಕೆಳಗಾದ್ರೆ ಪಿಲ್ಲರ್ ಮೇಲಿರೋ ನಂಬರ್ ಹೇಳಿ, ರಸ್ತೆಯ ಯಾವ ಸೈಡು, ಮೆಜೆಸ್ಟಿಕ್ ಕಡೆ ಹೋಗೋದಾ ಬರೋದಾ ಅಂತನೂ ಹೇಳಿ. ಒಳರಸ್ತೆ ಆದ್ರೆ ಬರೀ ಐದನೇ ಕ್ರಾಸ್ ಅಂದ್ರೆ ಸಾಲಲ್ಲ, ಬಡಾವಣೆ, ಸ್ಟೇಜು, ಬ್ಲಾಕು, ಮೇನು, ಎದುರಿಗಿರೋ ಅಂಗಡಿ ಹೆಸರು ಎಲ್ಲಾ ಬೇಕು. ನಾಯಿನಾ ಹಸುನಾ ಅಂತ ಮೊದಲೇ ಹೇಳಿ, ಹಸು ಎಮ್ಮೆ ಎತ್ತೋಕೆ ದೊಡ್ಡ ಗಾಡಿ, ಜಾಸ್ತಿ ಜನ ಬೇಕಾಗತ್ತೆ. ಹಸು ಕಿವೀಲಿ ಹಳದಿ ಟ್ಯಾಗ್ ಇದ್ರೆ ಅದರಲ್ಲಿ 12 ಅಂಕಿ ನಂಬರ್ ಇರತ್ತೆ, ಫೋಟೋ ತೆಗೆದಿಟ್ಕೊಳ್ಳಿ, ಮಾಲೀಕರನ್ನ ಹುಡುಕೋಕೆ ಅದು ಉಪಯೋಗಕ್ಕೆ ಬರತ್ತೆ. ಕಂಪ್ಲೇಂಟ್ ನಂಬರ್ ತಪ್ಪದೆ ಬರ್ಕೊಳ್ಳಿ, ಎತ್ತದೇನೇ ಕ್ಲೋಸ್ ಮಾಡಿದ್ರೆ ಆ ನಂಬರೂ ಫೋಟೋನೂ ಇಟ್ಕೊಂಡು ಮತ್ತೆ ಕೇಳಬಹುದು.

ಒಂದು ಮಾತು, ದಯವಿಟ್ಟು ಬೀದಿ ಗುಡಿಸೋ ಪೌರಕಾರ್ಮಿಕರಿಗೆ "ಅಕ್ಕ ಇದನ್ನ ಎತ್ಬಿಡಿ" ಅಂತ ಹೇಳ್ಬೇಡಿ, ಅವರ ಕೈಗೆ ಎಷ್ಟೋ ಸಲ ಸರಿಯಾದ ಗ್ಲೌಸೇ ಇರಲ್ಲ, ಊದಿಕೊಂಡ ಹೆಣ ಬರಿಗೈಲಿ ಎತ್ತೋದು ಯಾವ ಮನುಷ್ಯರೂ ಮಾಡೋ ಕೆಲಸ ಅಲ್ಲ. ಅವರ ಮೇಸ್ತ್ರಿಗೆ ವಿಷಯ ತಿಳಿಸಿ, ಗಾಡಿ ಕಳಿಸೋಕೆ ಹೇಳಿ. ರಾಜಕಾಲುವೆಗೆ ಅಥವಾ ಖಾಲಿ ಸೈಟಿಗೆ ಎಸೆಯೋದಂತೂ ಬೇಡ್ವೇ ಬೇಡ, ಮಳೆ ಬಂದ್ರೆ ಅದು ಕೊಚ್ಕೊಂಡು ಹೋಗಿ ಸೇರೋದು ಕೆರೆಗೇ. ಮನೇಲಿ ಸಾಕಿದ ನಾಯಿ ಬೆಕ್ಕು ತೀರ್ಕೊಂಡ್ರೆ ಸುಮನಹಳ್ಳೀಲಿ ಪಾಲಿಕೆಯ ಪ್ರಾಣಿಗಳ ಚಿತಾಗಾರ ಇದೆ, ಹೂಳೋದಾದ್ರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಅನ್ನೋ ಪ್ರಾಣಿ ರಕ್ಷಣಾ ಸಂಸ್ಥೆಯವರ ಜಾಗ ಇದೆ, ಫೋನ್ ಮಾಡ್ಕೊಂಡು ಹೋಗಿ.

ಜೀವ ಇದ್ರೆ ಕಥೆ ಬೇರೆ. ನಾಯಿ ಬೆಕ್ಕಿಗೆ ಕ್ಯೂಪಾ, ಕರುಣಾ ಥರದ ಪ್ರಾಣಿ ರಕ್ಷಣಾ ಸಂಸ್ಥೆಗಳಿವೆ, ಹಸು ಕುರಿಗಾದ್ರೆ ಪಶುಪಾಲನಾ ಇಲಾಖೆಯ 1962. ಆದ್ರೆ ಇಷ್ಟು ದೊಡ್ಡ ಊರಿಗೆ ಇರೋ ಆಂಬ್ಯುಲೆನ್ಸ್ ಸಾಲಲ್ಲ, ಸಂಜೆ ಟ್ರಾಫಿಕ್ಕಲ್ಲಿ ಬರೋಷ್ಟ್ರಲ್ಲಿ ಹೊತ್ತಾಗಿರತ್ತೆ, ಹಾಗಾಗಿ ಹಗಲಲ್ಲಿ ಆದ್ರೆ ನೀವೇ ಆಟೋದಲ್ಲಿ ಹೆಬ್ಬಾಳದ ವೆಟರ್ನರಿ ಕಾಲೇಜಿಗೋ ಕ್ವೀನ್ಸ್ ರೋಡ್ ಸರ್ಕಾರಿ ಪಶು ಆಸ್ಪತ್ರೆಗೋ ಕರ್ಕೊಂಡು ಹೋಗೋದು ಒಳ್ಳೇದು.

ಎತ್ತೋ ಮುಂಚೆ ಬಾಯಿ ಕಟ್ಟಿ. ನೋವಲ್ಲಿರೋ ನಾಯಿ, ದಿನಾ ನಿಮ್ಮ ಕೈಲಿ ಬಿಸ್ಕೆಟ್ ತಿನ್ನೋದೇ ಆದ್ರೂ, ಕಚ್ಚತ್ತೆ. ಒಂದು ದುಪಟ್ಟಾ ತಗೊಂಡು ಹಿಂದಿನಿಂದ ಬಂದು ಮೂತಿಗೆ ಎರಡು ಸುತ್ತು ಸುತ್ತಿ, ದವಡೆ ಕೆಳಗೆ ಅಡ್ಡ ಹಾಯಿಸಿ, ಕಿವಿ ಹಿಂದೆ ಬಿಚ್ಚೋ ಥರ ಗಂಟು ಹಾಕಿ. ವಾಂತಿ ಮಾಡ್ತಿದ್ರೆ, ಉಸಿರಾಡೋಕೆ ಕಷ್ಟ ಪಡ್ತಿದ್ರೆ ಕಟ್ಬೇಡಿ. ಕಾಲು ಹಿಡಿದು ಎಳೀಬೇಡಿ, ಬೆನ್ನುಮೂಳೆ ಮುರಿದಿರಬಹುದು, ಗೋಣಿಚೀಲ ಪಕ್ಕದಲ್ಲಿ ಹಾಸಿ ಇಬ್ರು ಸೇರಿ ಹಾಗೇ ಮೆಲ್ಲಗೆ ಜಾರಿಸಿ, ಚೀಲದ ನಾಲ್ಕು ಮೂಲೆ ಹಿಡಿದು ಎತ್ತಿ. ನೀರು ಹಾಲು ಬಾಯಿಗೆ ಸುರೀಬೇಡಿ. ಬಾಯಲ್ಲಿ ಜೊಲ್ಲು ಸುರೀತಾ, ತೂರಾಡ್ತಾ, ಕಂಡಿದ್ದನ್ನೆಲ್ಲಾ ಕಚ್ಚೋಕೆ ಬರ್ತಿರೋ ನಾಯಿಯನ್ನ ಮುಟ್ಟೋಕೇ ಹೋಗ್ಬೇಡಿ, ಜನರನ್ನ ದೂರ ಇಟ್ಟು 1533ಕ್ಕೆ ರೇಬಿಸ್ ಅನುಮಾನ ಅಂತಲೇ ಹೇಳಿ. ಯಾರಿಗಾದ್ರೂ ಕಚ್ಚಿದ್ರೆ, ಪರಚಿದ್ರೆ, ಗಾಯನ ಹರಿಯೋ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸ್ಕೊಳ್ಳಿ, ಅರಿಶಿನ ಸುಣ್ಣ ಹಚ್ಚಿ ಕೂರ್ಬೇಡಿ.

ಕಾಡು ಪ್ರಾಣಿ ಪಕ್ಷಿಗೆ ಅರಣ್ಯ ಇಲಾಖೆ 1926, ಇಲ್ಲಾಂದ್ರೆ ಕೆಂಗೇರಿಯ ಅದೇ ಪೀಪಲ್ ಫಾರ್ ಅನಿಮಲ್ಸ್ ಅವರ ವನ್ಯಜೀವಿ ಆಸ್ಪತ್ರೆ. ನಮ್ಮ ಊರಲ್ಲಿ ಜಾಸ್ತಿ ಸಿಗೋದು ಗಾಳಿಪಟದ ಹರಿತವಾದ ಮಾಂಜಾ ದಾರಕ್ಕೆ ಸಿಕ್ಕಿ ಮರದಲ್ಲಿ ನೇತಾಡೋ ಹದ್ದುಗಳು. ದಾರ ಎಳೀಬೇಡಿ, ಅದು ರೆಕ್ಕೆ ಮಾಂಸದೊಳಗೇ ಇಳಿದಿರತ್ತೆ, ಎಳೆದಷ್ಟೂ ಕುಯ್ಯತ್ತೆ. ಹಕ್ಕಿ ಕೈಗೆಟುಕಿದ್ರೆ ಗಾಯದ ಆಚೆ ಈಚೆ ಸ್ವಲ್ಪ ದಾರ ಬಿಟ್ಟು ಕತ್ತರಿಸಿ, ಟವೆಲ್ ಮುಚ್ಚಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಇಡಿ. ತುಂಬಾ ಮೇಲಿದ್ರೆ ಅಗ್ನಿಶಾಮಕದವರನ್ನ ಕೇಳಿ. ನವಿಲು ಸತ್ತು ಬಿದ್ದಿದ್ರೆ ಒಂದು ಗರಿನೂ ಕೀಳ್ಬೇಡಿ, ಅದು ಅರಣ್ಯ ಇಲಾಖೆಯವರೇ ನೋಡ್ಬೇಕು. ಕರೆಂಟ್ ತಂತಿ ಹತ್ರ ಕೋತಿಯೋ ನಾಯಿಯೋ ಬಿದ್ದಿದ್ರೆ ಯಾರೂ ಹತ್ರ ಹೋಗ್ಬಾರ್ದು, ಮೊದಲು ಬೆಸ್ಕಾಂ 1912, ಲೈನ್ ಆಫ್ ಆಯ್ತು ಅಂತ ಅವರೇ ಹೇಳಿದ ಮೇಲೆ ಉಳಿದಿದ್ದು. ತುಮಕೂರು ರಸ್ತೆ, ಹೊಸೂರು ರಸ್ತೆ ಥರ ನ್ಯಾಷನಲ್ ಹೈವೇಲಿ ಬಿದ್ದಿದ್ರೆ 1033, ಅಲ್ಲಿ ಇಳಿದು ಎತ್ತೋಕೆ ಹೋದ್ರೆ ನಿಮ್ಮ ಜೀವಕ್ಕೇ ಅಪಾಯ.

ಯಾರಾದ್ರೂ ಬೇಕಂತಲೇ ಹೊಡೆದಿದ್ರೆ, ವಿಷ ಹಾಕಿದ್ರೆ 112ಕ್ಕೆ ಫೋನ್ ಮಾಡಿ, ಸ್ಟೇಷನ್ನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 325 ಅಂತ ಹೇಳಿ ದೂರು ಕೊಡಿ, ಐದು ವರ್ಷದವರೆಗೂ ಶಿಕ್ಷೆ ಇದೆ. ಆಗ ಹೆಣ ಎತ್ತಿಸೋ ಆತುರ ಬೇಡ, ಮರಣೋತ್ತರ ಪರೀಕ್ಷೆ ಆಗ್ಬೇಕು.

ಗಾಡಿ ಬಂದು ಎತ್ಕೊಂಡು ಹೋದ್ಮೇಲೆ ರಕ್ತ ಬಿದ್ದಿರೋ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಹಾಕಿ ತೊಳೀರಿ, ಅಲ್ಲೀವರೆಗೂ ಮಕ್ಕಳು ತುಳೀದಂಗೆ ಒಂದೆರಡು ಕಲ್ಲು ಅಡ್ಡ ಇಡಿ.