ವೆಂಟಿಲೇಟರ್ ಬಿಟ್ಟ ಮೇಲೆ ಶ್ವಾಸನಾಳ ಕಿರಿದಾದರೆ ಏನು ಮಾಡಬೇಕು?

ಅಡಿಕೆ ಮರದಿಂದ ಬಿದ್ದೋ ಹೈವೇಯಲ್ಲಿ ಅಪಘಾತವಾಗಿಯೋ ಹತ್ತಿಪ್ಪತ್ತು ದಿನ ವೆಂಟಿಲೇಟರಿನಲ್ಲಿದ್ದವರು ಗುಣವಾಗಿ ಮನೆಗೆ ಬರುತ್ತಾರೆ. ಕೆಲವು ವಾರ ಕಳೆದ ಮೇಲೆ ತೋಟದಿಂದ ಗುಡ್ಡೆ ಹತ್ತುವಾಗ ಏದುಸಿರು, ಗಂಟಲಲ್ಲಿ ಕರಕರ ಸದ್ದು. ದಮ್ಮು ಎಂದುಕೊಂಡು ಇನ್‌ಹೇಲರ್ ಎಳೆಯುತ್ತಾ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಆಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ, ಎದೆಯಲ್ಲಿ. ಶ್ವಾಸನಾಳ ಕಿರಿದಾದಾಗಿನ ಸದ್ದು ಉಸಿರು ಎಳೆಯುವಾಗ, ಕುತ್ತಿಗೆಯಲ್ಲಿ. ವೆಂಟಿಲೇಟರಿನಲ್ಲಿದ್ದ ವಿಷಯವನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.

ವೆಂಟಿಲೇಟರಿಗಾಗಿ ಶ್ವಾಸನಾಳದೊಳಗೆ ಇಳಿಸುವ ಟ್ಯೂಬಿನ ತುದಿಯಲ್ಲಿ ಗಾಳಿ ತುಂಬಿದ ಸಣ್ಣ ಬಲೂನು ಇರುತ್ತದೆ. ಅದರ ಒತ್ತಡ 20ರಿಂದ 30 ಸೆಂ.ಮೀ. ಎತ್ತರದ ನೀರಿನಷ್ಟಿರಬೇಕು. ಅದಕ್ಕಿಂತ ಹೆಚ್ಚಾದರೆ ನಾಳದ ಒಳಪೊರೆಗೆ ರಕ್ತ ಹೋಗದೆ ಹುಣ್ಣಾಗುತ್ತದೆ, ನಾಳವನ್ನು ತೆರೆದಿಡುವ ಮೃದ್ವಸ್ಥಿಯ (ಮೆದು ಮೂಳೆಯ) ಉಂಗುರ ಸಾಯುತ್ತದೆ. ಗಾಯ ಒಣಗುವಾಗ ಆ ಜಾಗ ಬಿಗಿದು ಕಿರಿದಾಗುತ್ತದೆ. ಸುಮಾರು 8 ಮಿ.ಮೀ.ಗಿಂತ ಕಿರಿದಾದರೆ ನಡೆಯುವಾಗ ದಮ್ಮು ಕಟ್ಟುತ್ತದೆ, 5 ಮಿ.ಮೀ. ಹತ್ತಿರ ಬಂದರೆ ಕೂತಲ್ಲೇ ಸದ್ದು. ಆಗ ಮಂಗಳೂರಿಗೆ ಕಾರಿನಲ್ಲಿ ಹೊರಡಬೇಡಿ, ಆಕ್ಸಿಜನ್ ಇರುವ ಆಂಬುಲೆನ್ಸ್ ಕರೆಸಿ.

ಕುತ್ತಿಗೆ ಮತ್ತು ಎದೆಯ ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿ (ಕ್ಯಾಮೆರಾದ ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡುವುದು) ಎರಡೂ ಬೇಕು. ಕಿರಿದಾದ ಭಾಗ ಎಷ್ಟು ಉದ್ದ, ಧ್ವನಿತಂತುಗಳಿಂದ ಎಷ್ಟು ಕೆಳಗೆ, ಉಳಿದ ದಾರಿ ಎಷ್ಟು ಅಗಲ ಎಂಬ ಮೂರು ಲೆಕ್ಕ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ತೀರ್ಮಾನವೆಲ್ಲ ಇವುಗಳ ಮೇಲೆಯೇ.

ಪೊರೆಯಂತೆ ತೆಳ್ಳಗಿದ್ದು, ಒಂದು ಸೆಂ.ಮೀ.ಗಿಂತ ಗಿಡ್ಡವಾಗಿದ್ದು, ಉಂಗುರ ಗಟ್ಟಿಯಾಗಿದ್ದರೆ ಲೇಸರಿನಿಂದ ಸೀಳಿ ಬಲೂನಿನಿಂದ ಹಿಗ್ಗಿಸಿದರೆ ಸಾಕಾಗಬಹುದು. ಉಂಗುರವೇ ಕುಸಿದಿದ್ದರೆ ಹಿಗ್ಗಿಸಿದ್ದು ಮತ್ತೆ ಬಿಗಿಯುತ್ತದೆ. ಎರಡು ಮೂರು ಸಲ ಹೀಗಾದರೆ ನಾಲ್ಕನೆಯದಕ್ಕೆ ಒಪ್ಪುವ ಮೊದಲು ಶ್ವಾಸನಾಳದ ಶಸ್ತ್ರಚಿಕಿತ್ಸೆ ಮಾಡುವವರ ಅಭಿಪ್ರಾಯ ಪಡೆಯಿರಿ. ಕ್ಯಾನ್ಸರ್ ಅಲ್ಲದ ಇಂಥ ತೊಂದರೆಗೆ ದಾರಿ ತೆರೆದಿಡಲು ಒಳಗೆ ಕೂರಿಸುವ ಲೋಹದ ಜಾಲರಿಯ ಸ್ಟೆಂಟ್ ಬೇಡ. ಅದರ ಕಣ್ಣುಗಳೊಳಗೆ ಮಾಂಸ ಬೆಳೆದರೆ ತೆಗೆಯುವುದು ತೀರಾ ಕಷ್ಟ.

ಹೆಚ್ಚು ಭರವಸೆಯ ದಾರಿ ಕೆಟ್ಟ ಭಾಗ ಕತ್ತರಿಸಿ ಎರಡು ತುದಿ ಜೋಡಿಸುವುದು. ದೊಡ್ಡವರ ನಾಳ ಸುಮಾರು 11 ಸೆಂ.ಮೀ. ಉದ್ದ, ಅನುಕೂಲವಿದ್ದರೆ ಅದರಲ್ಲಿ ಅರ್ಧದವರೆಗೂ ತೆಗೆಯಬಹುದು. ಸಕ್ಕರೆ ಕಾಯಿಲೆ ಹತೋಟಿಗೆ ಬಂದು, ಸ್ಟೀರಾಯ್ಡ್ ಕಡಿಮೆಯಾಗಿ, ಒಳಗಿನ ಕೆಂಪು ಇಳಿಯುವ ತನಕ ಕಾಯಬೇಕು. ಅವಸರ ಮಾಡಿದರೆ ಹೊಲಿಗೆ ಬಿಡುತ್ತದೆ. ಹೊಲಿಗೆಗೆ ಎಳೆತ ಬೀಳಬಾರದೆಂದು ಅನೇಕ ಕಡೆ ಗದ್ದವನ್ನು ಎದೆಯ ಚರ್ಮಕ್ಕೆ ದಪ್ಪ ದಾರದಿಂದ ಸುಮಾರು ಒಂದು ವಾರ ಹೊಲಿದಿಡುತ್ತಾರೆ. ನೋಡಿದ ಮನೆಯವರು ಗಾಬರಿಯಾಗುತ್ತಾರೆ. ಆ ದಾರ ಕತ್ತು ಹಿಂದಕ್ಕೆ ಹೋಗದಂತೆ ಕಾಯುವ ಕಾವಲು. ತಲೆಯ ಹಿಂದೆ ದಿಂಬು ಒತ್ತಿಡಿ, ಮಾತನಾಡಿಸುವವರು ಎದುರಿಗೇ ನಿಲ್ಲಿ. ಕುತ್ತಿಗೆಯ ಚರ್ಮ ಊದಿ, ಒತ್ತಿದರೆ ಚರಚರ ಅಂದರೆ ಗಾಳಿ ಸೋರುತ್ತಿದೆ ಎಂದರ್ಥ. ಕೂಡಲೇ ಹೇಳಿ.

ಲ್ಯಾಬಿನಲ್ಲಿ ಬೆಳೆಸಿದ ನಾಳ ಹಾಕಿಸಬಹುದಲ್ಲ ಎಂದು ಕೇಳುವವರಿದ್ದಾರೆ. 2011ರಲ್ಲಿ ಸ್ವೀಡನ್ನಿನಲ್ಲಿ ಪಾವ್ಲೋ ಮಕಿಯಾರಿನಿ ಎಂಬ ಸರ್ಜನ್ ಪ್ಲಾಸ್ಟಿಕ್ ಕೊಳವೆಗೆ ರೋಗಿಯದೇ ಕಾಂಡಕೋಶ (ಸ್ಟೆಮ್ ಸೆಲ್) ಲೇಪಿಸಿ ಅಳವಡಿಸಿದರು. ಅಲ್ಲಿ ಅದನ್ನು ಹಾಕಿಸಿಕೊಂಡ ಮೂವರೂ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಶಿಕ್ಷೆ ಕೊಟ್ಟಿತು. ನಮ್ಮ ಶ್ವಾಸನಾಳಕ್ಕೆ ಒಂದೇ ದೊಡ್ಡ ರಕ್ತನಾಳವಿಲ್ಲ, ಕೂದಲೆಳೆಯಂಥವೇ ಎಲ್ಲ. ರಕ್ತ ಸಿಗದ ಕೊಳವೆಯ ಮೇಲೆ ಒಳಪೊರೆ ಹಬ್ಬುವುದಿಲ್ಲ, ಕಫ ಮೇಲಕ್ಕೆ ಬರುವುದಿಲ್ಲ. 2021ರಲ್ಲಿ ನ್ಯೂಯಾರ್ಕಿನಲ್ಲಿ ದಾನಿಯ ನಾಳವನ್ನು ರಕ್ತನಾಳ ಸಮೇತ ಕಸಿ ಮಾಡಿದರು. ಇವೆಲ್ಲ ಇನ್ನೂ ಪ್ರಯೋಗಗಳೇ. ಹಣ ಕೇಳಿ ಕಾಂಡಕೋಶದ ನಾಳ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ.

ಶಸ್ತ್ರಚಿಕಿತ್ಸೆ ಆಗದವರಿಗೆ, ಕಾಯಬೇಕಾದವರಿಗೆ ಸಿಲಿಕೋನಿನ ಟಿ-ಟ್ಯೂಬ್ ಇದೆ; ಇದು ಕುತ್ತಿಗೆಯ ತೂತಿನಿಂದ ಶ್ವಾಸನಾಳದೊಳಗೆ ಕೂರಿಸುವ, ಇಂಗ್ಲಿಷಿನ T ಆಕಾರದ ಕೊಳವೆ. ಹೊರಗೆ ಕಾಣುವ ಕೊಂಬಿನ ಮುಚ್ಚಳ ಹಾಕಿಯೇ ಇರಬೇಕು. ತೆರೆದಿಟ್ಟರೆ ಒಣಗಾಳಿ ನೇರ ಒಳಗೆ ಹೋಗಿ ಕಫ ಹಪ್ಪಳದಂತೆ ಒಣಗಿ ಕಟ್ಟಿಕೊಳ್ಳುತ್ತದೆ. ಡಾಕ್ಟರು ಹೇಳಿದಷ್ಟು ಸಲೈನ್ (ಉಪ್ಪುನೀರಿನ ದ್ರಾವಣ) ಹನಿ ಬಿಟ್ಟು ಸಕ್ಷನ್ ಮಾಡಿ (ಯಂತ್ರದಿಂದ ಕಫ ಹೀರಿ ತೆಗೆಯಿರಿ), ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ಅಡಿಕೆ ಸಿಪ್ಪೆಯ ದೂಳು, ಒಲೆಯ ಹೊಗೆ ದೂರವಿರಲಿ; ಕೆರೆ, ಹೊಳೆಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಊರುಗಳಿಗೆ ಬ್ಯಾಟರಿಯದ್ದೋ ಕಾಲಲ್ಲಿ ತುಳಿಯುವುದೋ ಆದ ಸಕ್ಷನ್ ಯಂತ್ರವೇ ಸರಿ. ಉಸಿರು ಕಟ್ಟಿದರೆ ಮೊದಲು ಮುಚ್ಚಳ ತೆಗೆದು ಸಕ್ಷನ್ ಮಾಡಿ. ಬಿಡದಿದ್ದರೆ ಟಿ-ಟ್ಯೂಬ್ ಎಳೆದು ಅದೇ ತೂತಿಗೆ ಸಾಮಾನ್ಯ ಟ್ರೇಕಿಯಾಸ್ಟಮಿ ಟ್ಯೂಬ್ (ಕುತ್ತಿಗೆಯ ತೂತಿನಿಂದ ಉಸಿರಾಡಲು ಇಡುವ ಕೊಳವೆ) ತೂರಿಸಬೇಕು. ಡಿಸ್ಚಾರ್ಜಿಗೆ ಮೊದಲೇ ಇದನ್ನು ಮನೆಯ ಇಬ್ಬರು ಕಲಿತಿರಲಿ. ಆ ಟ್ಯೂಬನ್ನು, ಅದರ ಅಳತೆ ಬರೆದ ಚೀಟಿಯ ಜೊತೆ, ಹಾಸಿಗೆಯ ಪಕ್ಕದಲ್ಲೇ ತೂಗುಹಾಕಿಡಿ.