ಗೀಟು 45, ನೀರು ಮಾತ್ರ ಬೇರೆ

ಹಳ್ಳ ದಾಟಲು ಹಾಕಿದ ಅಡಿಕೆ ಮರದ ಸಂಕದ ಕೆಳಗೆ ಎಮ್ಮೆ ಮಲಗಿದ ಹಾಗೆ ಒಂದು ಪಾದೆಕಲ್ಲಿದೆ. ಹಳ್ಳದ ಕಡೆಗಿರುವ ಅದರ ಮೈಗೆ, ಗೇಟಿಗೆ ಬಳಿದು ಉಳಿದ ಕೆಂಪು ಪೈಂಟಿನಲ್ಲಿ ಸೊನ್ನೆಯಿಂದ 100ರ ತನಕ, 10 ಸೆಂಟಿಮೀಟರಿಗೊಂದರಂತೆ ಗೀಟು ಎಳೆದಿದ್ದೇನೆ. ಎಳೆದ ವಾರವೇ ಆಚೆ ತೋಟದವರು ಬಂದರು. “ಎಂತ ಮಾರಾಯ, ಸರ್ವೆಯವರು ಬಂದಿದ್ರಾ? ನಮ್ಮ ಜಾಗ ಹೋಗ್ತದಾ?” ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಸಣ್ಣ ದೋಣಿ, ಬಿಡಲಿಕ್ಕೆ ಹಾಕಿದ್ದು ಎಂದೆ. ಅವರ ಮುಖದಲ್ಲಿ ಸಮಾಧಾನ, ಕನಿಕರ ಎರಡೂ ಒಟ್ಟಿಗೆ ಕಂಡವು.

ನಮ್ಮದು ಮುಳ್ಳೇರಿಯದಿಂದ ಪೂರ್ವಕ್ಕೆ, ಸುಳ್ಯದ ಗಡಿಗೆ ತಾಗಿದ ಕಾಸರಗೋಡಿನ ಮೂಲೆ. ಗುಡ್ಡದಿಂದ ಇಳಿದು ಪಯಸ್ವಿನಿಗೆ ಸೇರುವ ಹಳ್ಳಗಳಲ್ಲಿ ಇದೊಂದು. ಹೆಸರು ಬರೆಯುವುದಿಲ್ಲ. ಎರಡೂ ದಡ ಯಾರ್ಯಾರದೋ ತೋಟ. ಜೀಪುಗಟ್ಟಲೆ ಜನ ಬಂದರೆ ನಾಳೆ ನನ್ನನ್ನೂ ಇಳಿಯಲು ಬಿಡಲಿಕ್ಕಿಲ್ಲ. ಎರಡೂವರೆ ಕಿಲೋಮೀಟರ್ ಹರಿಯುವಷ್ಟರಲ್ಲಿ ಸುಮಾರು 100 ಮೀಟರ್ ಇಳಿಯುವ ಹಳ್ಳ ಇದು. ಎಪ್ರಿಲಿನಲ್ಲಿ ಮಕ್ಕಳು ಚಪ್ಪಲಿ ಒದ್ದೆಯಾಗದೆ ದಾಟುತ್ತಾರೆ.

ಕಯಾಕ್ ಕಲಿತದ್ದು ಕಲ್ಲಿಕೋಟೆ ಜಿಲ್ಲೆಯ ಕೋಡಂಚೇರಿ ಕಡೆ. ಅಲ್ಲಿನ ಚಾಲಿಪುಳ, ಇರುವಂಜಿಪುಳಗಳಲ್ಲಿ ನಡೆಯುವ ಮಲಬಾರ್ ರಿವರ್ ಫೆಸ್ಟಿವಲ್ ನೋಡಲು ಹೋದವ ನಾನು, ಮರುವರ್ಷ ದೋಣಿ ಹತ್ತಿದೆ. ಹುಟ್ಟು ಹಾಕುವುದು, ಮಗುಚಿದರೆ ನೀರೊಳಗಿಂದಲೇ ತಿರುಗಿ ಏಳುವುದು, ಇಷ್ಟು ಬಂತು. ನೀರಿನ ಲೆಕ್ಕ ಬರಲಿಲ್ಲ. ದೊಡ್ಡ ಹೊಳೆಯಲ್ಲಿ ಅರ್ಧ ಅಡಿ ಏರಿದರೆ ಅಲೆ ಕೊಂಚ ದಪ್ಪವಾಗುತ್ತದೆ, ಅಷ್ಟೆ. ಕಡಿದಾದ ಹಳ್ಳದಲ್ಲಿ ಅರ್ಧ ಅಡಿ ಏರಿದರೆ ಅದು ಬೇರೆಯೇ ಹಳ್ಳ.

ಗೀಟು ಹಾಕುವ ಜಾಗ ಆರಿಸುವುದರಲ್ಲೇ ಒಂದು ಮಳೆಗಾಲ ಹೋಯಿತು. ಮೊದಲು ಹಾಕಿದ್ದು ಕೆಳಗಿನ ಅಗಲವಾದ ಕಯದ ಪಕ್ಕ, ಹತ್ತಿ ಇಳಿಯಲು ಸುಲಭ ಎಂದು. ಅಗಲದ ಜಾಗದಲ್ಲಿ ನೀರು ದುಪ್ಪಟ್ಟಾದರೂ ಪಕ್ಕಕ್ಕೆ ಹರಡಿಕೊಳ್ಳುತ್ತದೆ, ಗೀಟು ನಾಲ್ಕು ಬೆರಳು ಮೇಲೆ ಹೋದರೆ ಹೆಚ್ಚು. ಸಂಕದ ಕೆಳಗೆ ಹಳ್ಳ ಕಿರಿದು, ಎರಡೂ ಕಡೆ ಕಲ್ಲು. ಅಲ್ಲಿ ಹೆಚ್ಚಾದ ನೀರಿಗೆ ಮೇಲೆ ಹೋಗದೆ ದಾರಿಯಿಲ್ಲ. ದೋಣಿಯ ಹೊಟ್ಟೆ ಕಲ್ಲಿಗೆ ಉಜ್ಜುತ್ತಲೇ ಹೇಗೋ ಕೆಳಗೆ ಬರಬಹುದಾದ ದಿನದ ಮಟ್ಟವನ್ನು ಸೊನ್ನೆ ಎಂದು ಇಟ್ಟುಕೊಂಡೆ.

ಎಷ್ಟು ನೀರು ಹರಿಯುತ್ತದೆಂದು ಅಳೆದದ್ದು ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಯಿಂದ. ಸಂಕದ ಮೇಲ್ಗಡೆ ಹಳ್ಳ ಸ್ವಲ್ಪ ನೇರ ಇದೆ. ಅಲ್ಲಿ 10 ಮೀಟರ್ ಅಳೆದು ಎರಡು ಕೋಲು ನೆಟ್ಟು, ಕಾಯಿ ಬಿಟ್ಟು, ಮೊಬೈಲಿನಲ್ಲಿ ಸಮಯ ನೋಡಿದೆ. ಆರು ಸೆಕೆಂಡು. ಅಂದರೆ ಸೆಕೆಂಡಿಗೆ ಒಂದೂ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ. ಮೇಲಿನ ನೀರು ತಳದ್ದಕ್ಕಿಂತ ಜೋರಾಗಿ ಓಡುತ್ತದೆ, ಹಾಗಾಗಿ ಅದನ್ನು 0.8ರಿಂದ ಗುಣಿಸಬೇಕು. ಹಳ್ಳದ ಅಗಲ 5 ಮೀಟರ್, ಸರಾಸರಿ ಆಳ 60 ಸೆಂಟಿಮೀಟರ್. ಒಟ್ಟು ಸೆಕೆಂಡಿಗೆ ಸುಮಾರು 4 ಘನ ಮೀಟರ್ ಎಂದಾಯಿತು. ಆಗ ಗೀಟು 45ರಲ್ಲಿತ್ತು. ಐದು ಸಲ ಬಿಟ್ಟು ಸರಾಸರಿ ತೆಗೆಯಬೇಕು. ನನ್ನ ಮೂರನೆಯ ಕಾಯಿ ಸುಳಿಯಲ್ಲಿ ಸಿಕ್ಕಿ ಗಿರಗಿರ ತಿರುಗುತ್ತ ಅಲ್ಲೇ ನಿಂತಿತ್ತು. ಅಷ್ಟು ಕಾಯಿ ಹೊಳೆಗೆ ಬಿಟ್ಟದ್ದಕ್ಕೆ ಅಮ್ಮ ಈಗಲೂ ಹೇಳಿಕೊಳ್ಳುವುದುಂಟು.

ಗೀಟಿಗಿಂತ ಮೊದಲು ನಾನು ನೋಡುವುದು ದೋಸೆಕಲ್ಲನ್ನು. ಹಳ್ಳದ ನಡುವೆ ಚಪ್ಪಟೆಯಾದ ಒಂದು ಬಂಡೆಗೆ ನಾವಿಟ್ಟ ಹೆಸರು ಅದು. ಅದರ ಬೆನ್ನು ಒಣಗಿದ್ದರೆ ನೀರು ಸಾಲದು. ನೀರು ಹಿಟ್ಟು ಹೊಯ್ದ ಹಾಗೆ ತೆಳ್ಳಗೆ ಹರಡಿದ್ದರೆ 30 ದಾಟಿದೆ. ಬಂಡೆಯೇ ಕಾಣದೆ, ಅದರ ಕೆಳಗೆ ಬಿದ್ದ ನೀರು ಬೆಳ್ಳಗೆ ಮರಳಿ ಮೇಲ್ಗಡೆಗೇ ಮಗುಚುತ್ತಿದ್ದರೆ 60ರ ಮೇಲೆ. ಆ ಮಗುಚುವ ನೀರು ದೋಣಿಯನ್ನೂ ಮನುಷ್ಯನನ್ನೂ ಹಿಡಿದಿಟ್ಟುಕೊಳ್ಳುತ್ತದೆ. 30ರಿಂದ 55 ನನ್ನ ನೀರು. 55 ದಾಟಿದರೆ ನನಗಿಂತ ಚೆನ್ನಾಗಿ ಬಲ್ಲವರು ಜೊತೆಗಿರಬೇಕು. 70ಕ್ಕೆ ಮನೆ. ಕಡಿಮೆ ನೀರು ಎಂದರೆ ಕ್ಷೇಮ ಎಂಬ ನಂಬಿಕೆಯೂ ಸುಳ್ಳು: 20ರಲ್ಲಿ ಕಲ್ಲಿನ ಸಂದುಗಳೆಲ್ಲ ಬಾಯಿ ತೆರೆದಿರುತ್ತವೆ, ದೋಣಿಯ ಮೂತಿ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ.

ಮಳೆಯ ಲೆಕ್ಕ ಮಾವನದು. ನಮ್ಮ ಕಡೆ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟು, ದಿನಾ ಬೆಳಗ್ಗೆ ಡೈರಿಯಲ್ಲಿ ಬರೆಯುವ ಕೃಷಿಕರಿದ್ದಾರೆ. ಮಾವನ ಡೈರಿಗಳ ರಾಶಿ ಅಟ್ಟದಲ್ಲಿದೆ. “ನಿನ್ನೆ 40 ಮಿಲಿಮೀಟರ್, ಮಾವ. ಹಳ್ಳ ಏರಿರಬೇಕಲ್ಲ?” ಎಂದು ಜೂನ್ ಮೊದಲ ವಾರ ಓಡಿ ಹೋಗಿದ್ದೆ. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, “ನೆಲಕ್ಕೆ ಇನ್ನೂ ಬಾಯಾರಿಕೆ ಉಂಟು. ಅದು ಕುಡಿದು ಮುಗಿಯಲಿ” ಎಂದರು. ಹೋಗಿ ನೋಡಿದರೆ ದೋಸೆಕಲ್ಲಿನ ಮೇಲೆ ಕಪ್ಪೆ ಕೂತಿತ್ತು.

ಆಮೇಲೆ ಲೆಕ್ಕ ಹಾಕಿದೆ. ಈ ಹಳ್ಳಕ್ಕೆ ನೀರು ಬಸಿಯುವ ಗುಡ್ಡ ಸುಮಾರು 9 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರಿಗೆ 1 ಮಿಲಿಮೀಟರ್ ಬಿದ್ದರೆ 1000 ಘನ ಮೀಟರ್ ನೀರು. 40 ಮಿಲಿಮೀಟರಿಗೆ ಇಡೀ ಗುಡ್ಡದ ಮೇಲೆ 3.6 ಲಕ್ಷ. ಮುರಕಲ್ಲಿನ ನೆಲ ಒಣಗಿದ್ದರೆ ಹೆಚ್ಚಿನದ್ದನ್ನು ಹೀರಿಕೊಂಡು ನಿಧಾನಕ್ಕೆ ಬಿಡುತ್ತದೆ. ಜುಲೈಯಲ್ಲಿ, ಗುಡ್ಡವೆಲ್ಲ ನೆನೆದ ಮೇಲೆ, ಅರ್ಧದಷ್ಟು ಮೂರು ಗಂಟೆಯೊಳಗೆ ಹರಿದು ಬಂದರೂ ಸೆಕೆಂಡಿಗೆ 16 ಘನ ಮೀಟರ್ ದಾಟುತ್ತದೆ. ನನಗೆ ಬೇಕಾದ ನೀರಿನ ನಾಲ್ಕು ಪಾಲು. ಹವಾಮಾನ ಇಲಾಖೆ ದಿನಕ್ಕೆ 64.5 ಮಿಲಿಮೀಟರಿನಿಂದ ಮೇಲಿನದ್ದನ್ನು ಭಾರೀ ಮಳೆ ಎನ್ನುತ್ತದೆ. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳಲ್ಲಿ, ನಮ್ಮ ಹಳ್ಳ ಉಕ್ಕಲು ಅಷ್ಟೆಲ್ಲ ಬೇಕಾಗಿಯೇ ಇಲ್ಲ, ಒಂದೇ ಗಂಟೆಯಲ್ಲಿ ಸುರಿದರೆ 30 ಮಿಲಿಮೀಟರ್ ಸಾಕು.

ಇಷ್ಟೆಲ್ಲ ಗೊತ್ತಿದ್ದವನೇ ಒಂದು ಆಟಿಯಲ್ಲಿ ದೋಣಿ ಕಳೆದುಕೊಂಡೆ.

ಬೆಳಗ್ಗೆ ಏಳಕ್ಕೆ ಗೀಟು 45. ಇದಕ್ಕಿಂತ ಒಳ್ಳೆಯ ನೀರಿಲ್ಲ. ಅಂಗಳದಲ್ಲಿ ಬಿಸಿಲು, ಅಮ್ಮ ಒಗೆದ ಬಟ್ಟೆ ಹೊರಗೆ ಹಾಕಿದ್ದರು. ಗುಡ್ಡದ ತಲೆ ಮಾತ್ರ ಕಪ್ಪಗಿತ್ತು. ಬಾವನೂ ನಾನೂ ಜೀಪಿಗೆ ದೋಣಿ ಕಟ್ಟುವಾಗ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರ ಸಂಕ ದಾಟಿ ಬಂದರು. “ಅಣ್ಣೆರೆ, ಇನಿ ಬೊಡ್ಚಿ. ನೀರ್ ಏರೊಂದುಂಡು.” ಇವತ್ತು ಬೇಡ, ನೀರು ಏರುತ್ತಿದೆ ಎಂದು. ನಾನು ಗೀಟು ತೋರಿಸಿ, 45 ಇದೆಯಲ್ಲ ಎಂದೆ. ಅವರು ಕಲ್ಲು ನೋಡಲೇ ಇಲ್ಲ, ನೀರಿನಲ್ಲಿ ಬರುತ್ತಿದ್ದ ಒಣ ಎಲೆ ನೋಡುತ್ತ ನಿಂತರು.

ಮೇಲೆ ಹೋಗಿ ನೀರಿಗಿಳಿಯಲು ಮುಕ್ಕಾಲು ಗಂಟೆ. ಹಳ್ಳದ ಕಿರಿದಾದ ಒಂದು ಇಳಿಜಾರಿಗೆ ನಾವು ಅಡಕತ್ತರಿ ಎನ್ನುತ್ತೇವೆ. ಅದರ ಮೊದಲು ಎಡಗಡೆ ಕಲ್ಲಿನ ಮರೆಯಲ್ಲಿ ನೀರು ನಿಂತಿರುತ್ತದೆ. ಅಲ್ಲಿ ದೋಣಿ ತಿರುಗಿಸಿ ನಿಲ್ಲಿಸಿ, ಮುಂದೆ ನೋಡಿ ಇಳಿಯುವುದು ವಾಡಿಕೆ. ಆ ದಿನ ಮರೆಯೇ ಇರಲಿಲ್ಲ. ಕಲ್ಲು ಮುಳುಗಿ, ನೀರು ಒಂದೇ ಸಮ ಕೆಂಪಗೆ ಓಡುತ್ತಿತ್ತು. ನಿಲ್ಲಲು ಜಾಗ ಹುಡುಕುವುದರೊಳಗೆ ದೋಣಿ ಅಡ್ಡವಾಯಿತು. ಅಡಕತ್ತರಿಯ ಬಾಯಿಗೆ ಹಿಂದಿನ ರಾತ್ರಿ ಬಿದ್ದಿದ್ದ ಅಡಿಕೆ ಮರವೊಂದು ಅಡ್ಡ ಇತ್ತು. ನೀರಿನ ವೇಗ ದುಪ್ಪಟ್ಟಾದರೆ ಅದರ ತಳ್ಳು ನಾಲ್ಕು ಪಟ್ಟು ಎಂದು ಓದಿ ಗೊತ್ತಿತ್ತು, ಮೈಗೆ ಗೊತ್ತಾದದ್ದು ಆಗ. ಎದೆ ಮರಕ್ಕೆ ಒತ್ತಿಕೊಂಡಿತ್ತು. ದೋಣಿಯೊಳಗೆ ನೀರು ಬಾರದಂತೆ ಸೊಂಟದಿಂದ ದೋಣಿಯ ಬಾಯಿಗೆ ಬಿಗಿದ ಸ್ಕರ್ಟ್ ಕಿತ್ತು ಕಾಲು ಹೊರಗೆಳೆದು ಮರದ ಮೇಲೆ ಹೇಗೆ ಹತ್ತಿದೆನೋ. ಬಾವ ಹಿಂದೆಯೇ ದಡಕ್ಕೆ ಹಾರಿ ಹಗ್ಗ ಎಸೆದ. ಎರಡನೇ ಸಲಕ್ಕೆ ಕೈಗೆ ಸಿಕ್ಕಿತು. ನಡೆದು ಸಂಕಕ್ಕೆ ಬಂದಾಗ ಗೀಟು 80. ಬಟ್ಟೆ ಇನ್ನೂ ಬಿಸಿಲಿನಲ್ಲೇ ಒಣಗುತ್ತಿತ್ತು. ದೋಣಿ ಮೂರನೇ ದಿನ ಕೆಳಗಿನ ಕಿಂಡಿ ಅಣೆಕಟ್ಟಿನ ಕಂಬಕ್ಕೆ ಮಡಚಿಕೊಂಡು, ಮಡಲು, ಬಿದಿರು, ಯಾರದೋ ಬಕೆಟ್ಟಿನೊಟ್ಟಿಗೆ ಸಿಕ್ಕಿತು.

ಈಗ ಗೀಟು ನೋಡುವುದು ಎರಡು ಸಲ, ನಡುವೆ 20 ನಿಮಿಷ. ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ಚುಚ್ಚಿ ಕೂರುತ್ತೇನೆ. ಕಡ್ಡಿಯ ಬುಡ ಹೊರಗೆ ಬಂದರೆ ಇಳಿಯುವ ನೀರು, ಹೊರಡಬಹುದು. ಒಂದೇ ಸಮ ಇದ್ದರೆ ಇನ್ನೊಂದು 20 ನಿಮಿಷ. ಒಂದು ಸೆಂಟಿಮೀಟರ್ ಏರಿದರೂ ಹೊರಡುವುದಿಲ್ಲ, ಗೀಟು 35 ಇದ್ದರೂ. 50ರ ಇಳಿಯುವ ನೀರಿಗಿಂತ 35ರ ಏರುವ ನೀರಿಗೆ ನಾನು ಹೆಚ್ಚು ಹೆದರುತ್ತೇನೆ. ಇಳಿಯುವಾಗ ಕಲ್ಲಿನ ಮೇಲೆ ಒಂದು ಗೇಣು ಒದ್ದೆ ಪಟ್ಟಿ ಬಿಟ್ಟು ಹೋಗುತ್ತದೆ. ಏರುವಾಗ ಒಣಕಲ್ಲಿಗೇ ನೀರು ತಾಗಿರುತ್ತದೆ. ಮಳೆ ಬರುತ್ತಿದ್ದರೆ ಈ ಗುರುತು ಉಪಯೋಗಕ್ಕಿಲ್ಲ, ಎಲ್ಲವೂ ಒದ್ದೆ. ಆಗ ಕಸ ನೋಡಬೇಕು. ಏರುವ ನೀರು ದಡದ ಒಣ ಎಲೆ, ಹಾಳೆ, ಸೋಗೆಗಳನ್ನು ಬಾಚಿಕೊಂಡು ಬರುತ್ತದೆ. ಬಣ್ಣವೂ ಹೇಳುತ್ತದೆ. ಹಾಲು ಹಾಕಿದ ಚಾಯದ ಹಾಗಿದ್ದರೆ ಮೇಲೆ ಮಣ್ಣು ಕೊಚ್ಚುತ್ತಿದೆ, ಹಾಲಿಲ್ಲದ ಕಣ್ಣ ಚಾಯಕ್ಕೆ ತಿರುಗಿದರೆ ಇಳಿಮುಖ. ಕೊನೆಗಾರ ಅಂದು ನೋಡುತ್ತಿದ್ದುದು ಇದನ್ನೇ.

ಗೀಟನ್ನೂ ಪೂರ್ತಿ ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಪಯಸ್ವಿನಿಯಲ್ಲಿ ಮಣ್ಣು, ಮರ ತೇಲಿ ಬಂದದ್ದನ್ನು ಇಲ್ಲಿನವರು ಮರೆತಿಲ್ಲ. ಆ ಮಳೆಗೆ ನಮ್ಮ ಹಳ್ಳದಲ್ಲೂ ಬಂಡೆಗಳು ಉರುಳಿ, ಸಂಕದ ಕೆಳಗೆ ಚರಳು ತುಂಬಿತು. ಹಳೆಯ 45 ಮರುವರ್ಷ 45 ಆಗಿ ಉಳಿಯಲಿಲ್ಲ. ಮತ್ತೆ ತೆಂಗಿನಕಾಯಿ, ಮತ್ತೆ ಅಮ್ಮನ ಮಾತು. ಪ್ರತಿ ದೊಡ್ಡ ನೆರೆಯ ನಂತರ ಹಳ್ಳದುದ್ದಕ್ಕೂ ನಡೆಯುತ್ತೇನೆ, ಅಡ್ಡ ಬಿದ್ದ ಮರ ಕಡಿಯುತ್ತೇನೆ. ಬೇಸಿಗೆಗೆ ಹಾಕಿದ ಕಟ್ಟದ ಗೂಟಗಳು ನೀರಿನಡಿ ಉಳಿದಿರುತ್ತವೆ, ಅವನ್ನೂ ಕೀಳುತ್ತೇನೆ. ಕಿಂಡಿ ಅಣೆಕಟ್ಟಿನ ಮೊದಲೇ ದೋಣಿ ಹೆಗಲಿಗೆ, ನೀರು ಎಷ್ಟೇ ಇರಲಿ. ಹಲಗೆ ತೆಗೆದಿದ್ದರೂ ಕಿಂಡಿಯಲ್ಲಿ ಕಸ ಕಟ್ಟಿರುತ್ತದೆ. ನೀರು ಕಟ್ಟೆ ಹಾರಿ ಬಿದ್ದರಂತೂ ದಡದಿಂದ ದಡಕ್ಕೆ ಒಂದೇ ಸಮ ಮಗುಚುತ್ತದೆ, ತಪ್ಪಿಸಿಕೊಳ್ಳಲು ಸಂದಿಲ್ಲ.

ಕಳೆದ ಆಟಿಯಲ್ಲಿ ಒಂದು ಆದಿತ್ಯವಾರ ಕಲ್ಲಿಕೋಟೆಯಿಂದ ಇಬ್ಬರು ದೋಣಿ ಕಟ್ಟಿಕೊಂಡು ಬಂದಿದ್ದರು, ಐದು ತಾಸು ಪ್ರಯಾಣ ಮಾಡಿ. ಗೀಟು 42. ಕಡ್ಡಿ ಚುಚ್ಚಿ ಕೂತೆವು. 20 ನಿಮಿಷಕ್ಕೆ 43. ಅವರು ನನ್ನ ಮುಖ ನೋಡಿದರು, ನಾನು ಬಾವನ ಮುಖ ನೋಡಿದೆ. ಬಾವ ಏನೂ ಹೇಳದೆ ಬಿಚ್ಚಿದ ಹಗ್ಗವನ್ನು ಪುನಃ ಜೀಪಿಗೆ ಬಿಗಿಯತೊಡಗಿದ. ಮನೆಯಲ್ಲಿ ಪತ್ರೊಡೆ ಬೆಂದಿತ್ತು. ಊಟ ಮಾಡಿ ಮಲಗಿದವರನ್ನು ಮೂರು ಗಂಟೆಗೆ ಎಬ್ಬಿಸಿ ಸಂಕದ ತನಕ ಕರೆದುಕೊಂಡು ಹೋದೆ. ದೋಸೆಕಲ್ಲು ಎಲ್ಲಿದೆಯೆಂದು ಕೈ ತೋರಿಸಿ ಹೇಳಬೇಕಾಯಿತು.